ಕಾಣೆಯಾದ ನಿಷೇಧ

ಸಲ್ಮಾನ್ ರಶ್ದಿಯವರ ಕಾದಂಬರಿ ‘ದಿ ಸಟಾನಿಕ್ ವರ್ಸಸ್’ ಕೊನೆಗೂ ಕೈಗೆ ಸಿಕ್ಕಿದೆ. ಓದು ಕುಂಟುತ್ತ ಸಾಗಿದೆ. ಸುಲಭಕ್ಕೆ ಒಲಿಯುವ ಗದ್ಯವಲ್ಲ ಇದು. ಆಗಾಗ ಪುಸ್ತಕ ಮುಚ್ಚಿಟ್ಟು, ಅದರ ನಿಷೇಧದ ಕತೆ ನೆನೆದು ನಗುತ್ತೇನೆ.

ಇದು ಇಸ್ಲಾಂ ಧರ್ಮವನ್ನು ಅವಹೇಳನ ಮಾಡುತ್ತದೆ ಎಂದು ಹಲವು ಮುಸ್ಲಿಮರು ಆಕ್ಷೇಪಿಸಿದಾಗ, 1988ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದರ ಆಮದನ್ನು ನಿಷೇಧಿಸಿತು, ಅದೂ ಕಸ್ಟಮ್ಸ್ ಕಾಯ್ದೆಯ ಅಡಿ. ಚಿನ್ನದ ಕಳ್ಳಸಾಗಣೆ ತಡೆಯುವ ಕಾಯ್ದೆ ಕಾದಂಬರಿಗೂ ಒದಗಿಬಂತು! 2019ರಲ್ಲಿ ಒಬ್ಬರು ಆ ಅಧಿಸೂಚನೆಯನ್ನೇ ಪ್ರಶ್ನಿಸಿ ದೆಹಲಿ ಹೈಕೋರ್ಟ್‌ಗೆ ಹೋದರು. ಅಧಿಕಾರಿಗಳಿಗೆ ಅದರ ಪ್ರತಿಯನ್ನು ಹಾಜರುಪಡಿಸಲು ಆಗಲೇ ಇಲ್ಲ. ಅಂಥದ್ದೊಂದು ಅಧಿಸೂಚನೆಯೇ ಇಲ್ಲವೆಂದು ಭಾವಿಸದೆ ಬೇರೆ ದಾರಿಯಿಲ್ಲ ಎಂದು 2024ರ ನವೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು.

36 ವರ್ಷ! ಹುಡುಕಿದರೂ ಸಿಗದ ಕಾಗದಕ್ಕೆ ಹೆದರಿ ದೇಶದ ಪುಸ್ತಕದಂಗಡಿಗಳು ಇದನ್ನು ದೂರವಿಟ್ಟವು. ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಇಷ್ಟು ಕಾಲ ಈ ಕೃತಿಯ ಬಗ್ಗೆ ವಾದ ಮಾಡಿದವರಲ್ಲಿ, ಪರವಾಗಿಯೇ ಇರಲಿ ವಿರೋಧವಾಗಿಯೇ ಇರಲಿ, ಓದಿದವರು ಎಷ್ಟು ಮಂದಿ? ನೊಂದೆವು ಎನ್ನುವವರ ನೋವು ಸುಳ್ಳೆಂದು ನಾನು ಹೇಳಲಾರೆ. ಆದರೆ ಓದಿ, ಬೈದು, ಉತ್ತರ ಬರೆಯುವ ಅವಕಾಶ ಅವರಿಗೂ ತಪ್ಪಿತಲ್ಲ.

ಅಂದ ಹಾಗೆ, ಕಾದಂಬರಿ ಶುರುವಾಗುವುದು ಸ್ಫೋಟಗೊಂಡ ವಿಮಾನದಿಂದ ಬೀಳುತ್ತಿರುವ ಇಬ್ಬರು ಭಾರತೀಯ ನಟರಿಂದ. ಬೀಳುತ್ತಲೇ ಒಬ್ಬ ಹಾಡುತ್ತಾನೆ! ಇದನ್ನು ಕೇಳಿದ ಅಣ್ಣನ ಮಗಳು ಪುಸ್ತಕ ಬೇಕೆನ್ನುತ್ತಿದ್ದಾಳೆ. ನಾನು ಮುಗಿಸುವ ತನಕ ಕಾಯಲಿ.