ಕೆಂಪು ಮಣ್ಣು, ಮೊದಲ ಕರಡು

ಡಿಗ್ರಿಯಲ್ಲಿ ಎಷ್ಟು ಲ್ಯಾಬ್ ರೆಕಾರ್ಡ್ ಬರೆದಿದ್ದೇನೋ ಲೆಕ್ಕವಿಲ್ಲ. ಸೀನಿಯರ್ ಹತ್ತಿರ ಹಳೇ ರೆಕಾರ್ಡ್ ಇಸ್ಕೊಂಡು ರಾತ್ರಿಯೆಲ್ಲ ಕೂತು ಕಾಪಿ ಮಾಡುವುದು, ರೀಡಿಂಗ್ ಸರಿ ಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಡ್ಜಸ್ಟ್ ಮಾಡುವುದು, ಬೆಳಗ್ಗೆ ಸಹಿ ಹಾಕಿಸಿಕೊಳ್ಳುವುದು. ಕೈ ನೋಯುವಷ್ಟು ಬರೆದೆ. ನನ್ನದು ಅನ್ನುವ ಒಂದು ಸಾಲೂ ಅದರಲ್ಲಿ ಇರಲಿಲ್ಲ.

ಆಮೇಲೆ ಮಣ್ಣು ವಿಜ್ಞಾನ ಓದಲು ಹೊನೊಲುಲುವಿಗೆ ಬಂದೆ, ಹವಾಯಿ ವಿಶ್ವವಿದ್ಯಾಲಯದ ಮನೋವಾ ಕ್ಯಾಂಪಸ್ಸಿಗೆ. ಟಿಎ ಕೆಲಸ, ಅಂದರೆ ಮೇಷ್ಟ್ರಿಗೆ ಪಾಠದಲ್ಲಿ ನೆರವಾಗುವ ಕೆಲಸ, ಸಿಕ್ಕಿದ್ದು ಒಂದು ‘ಡಬ್ಲ್ಯೂ’ ಕ್ಲಾಸಿನಲ್ಲಿ. ಡಬ್ಲ್ಯೂ ಅಂದರೆ ರೈಟಿಂಗ್ ಇಂಟೆನ್ಸಿವ್, ಬರೆಯುತ್ತಲೇ ವಿಷಯ ಕಲಿಯುವ ಕ್ಲಾಸು. ಇಲ್ಲಿ ಡಿಗ್ರಿ ಬೇಕೆಂದರೆ ಇಂಥ 5 ಕೋರ್ಸ್ ಮುಗಿಸಬೇಕು. ಇಂಗ್ಲಿಷ್ ವಿಭಾಗದಲ್ಲೇ ಅಲ್ಲ, ವಿಜ್ಞಾನ, ಇಂಜಿನಿಯರಿಂಗ್, ಇತಿಹಾಸ, ಎಲ್ಲ ಕಡೆ ಇವೆ. ಒಂದು ಕೋರ್ಸಿಗೆ ಒಬ್ಬೊಬ್ಬರೂ ಕಡಿಮೆ ಅಂದರೆ 4,000 ಪದ ಬರೆಯಬೇಕು. ಮಾರ್ಕ್ಸಿನಲ್ಲಿ ಶೇ. 40 ಆದರೂ ಬರವಣಿಗೆಗೇ. ಕ್ಲಾಸಿಗೆ 20 ಜನ, ಅಷ್ಟೆ. ಈ 20 ಅನ್ನುವುದೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಓದಿ ವಾಪಸ್ ಕೊಡುವವರು ಇಲ್ಲದಿದ್ದರೆ 4,000 ಪದ ಬರೆಸಿ ಏನು ಪ್ರಯೋಜನ, ಅಲ್ವಾ?

ಒಬ್ಬ ಹುಡುಗನ ಕರಡು ಇನ್ನೂ ನೆನಪಿದೆ. ವಾಹಿಯಾವಾ ಕಡೆಯ ಕೆಂಪು ಮಣ್ಣಿನಲ್ಲಿ ಅಗಲವಾದ ಲೋಹದ ಉಂಗುರ ಹೂತು, ಅದರೊಳಗೆ ನೀರು ಹೊಯ್ದು, ಎಷ್ಟು ಬೇಗ ಇಂಗುತ್ತದೆ ಅಂತ ಅಳೆದಿದ್ದ. ಕೊನೆಯಲ್ಲಿ ‘ಜೇಡಿ ಅಂಶ ಜಾಸ್ತಿ, ಹಾಗಾಗಿ ನೀರು ನಿಧಾನ ಇಂಗುತ್ತದೆ’ ಅಂತ ಬರೆದಿದ್ದ. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಅವನದೇ ಟೇಬಲ್ಲಿನಲ್ಲಿ ನೀರು ಸರಸರ ಇಳಿದಿತ್ತು! ನಾನು ತಿದ್ದಲಿಲ್ಲ. ಟೇಬಲ್ಲಿನಿಂದ ಆ ಸಾಲಿಗೆ ಒಂದು ಗೆರೆ ಎಳೆದು ‘ಎರಡೂ ಹೊಂದುತ್ತವಾ?’ ಅಂತ ಬರೆದು ಕೊಟ್ಟೆ.

ಮರುದಿನ ಬಂದು ನಿಂತ. ಮನೆಯಲ್ಲಿ ಪಿಜಿನ್ ಮಾತಾಡುವ ಹುಡುಗ. ಕಬ್ಬಿನ ತೋಟಗಳಿಗೆ ಚೀನಾ, ಜಪಾನ್, ಪೋರ್ಚುಗಲ್, ಫಿಲಿಪೀನ್ಸಿನಿಂದ ಬಂದ ಕೂಲಿಗಳ ನಡುವೆ ಬೆಳೆದ ಭಾಷೆ ಅದು. ಆ ಭಾಷೆಯಲ್ಲಿ ಕೈ ಆಡಿಸುತ್ತಾ, ಮಣ್ಣು ಒದ್ದೆಯಾದರೂ ಹರಳು ಹರಳಾಗೇ ಇತ್ತು, ಮುಷ್ಟಿಯಲ್ಲಿ ಹಿಡಿದರೆ ಮರಳಿನ ಹಾಗಿತ್ತು ಅಂತ ಹೇಳಿದ. ಉತ್ತರ ಅಲ್ಲೇ ಇತ್ತು. ಈ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಜೇಡಿಯ ಕಣಗಳನ್ನು ಸಣ್ಣ ಹರಳುಗಳಾಗಿ ಅಂಟಿಸಿ ಹಿಡಿಯುತ್ತದೆ, ಅವುಗಳ ಸಂದಿನಲ್ಲಿ ನೀರು ಬೇಗ ಇಳಿಯುತ್ತದೆ. ‘ಈಗ ಹೇಳಿದ್ದನ್ನೇ ಮೊದಲು ನಿನ್ನ ಮಾತಿನಲ್ಲಿ ಬರಿ, ಇಂಗ್ಲಿಷ್ ಆಮೇಲೆ ನೋಡೋಣ’ ಅಂದೆ.

ಈ ಯೋಚನೆ ನನ್ನದೇನಲ್ಲ. ಲಂಡನ್ನಿನಲ್ಲಿ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು ಶಾಲಾ ಮಕ್ಕಳ ಸುಮಾರು 2,000 ಬರಹ ನೋಡಿ 1975ರಲ್ಲಿ ವರದಿ ಮಾಡಿದ್ದರು. ಬಹುಪಾಲು ಮೇಷ್ಟ್ರಿಗಾಗಿ ಬರೆದವು. ತಮಗೇ ವಿಷಯ ತಿಳಿಯಾಗಲಿ ಅಂತ, ಮಾತಾಡಿದ ಹಾಗೆ ಬರೆದದ್ದು ತುಂಬಾ ಕಡಿಮೆ. ಅದನ್ನು ಓದಿದಾಗ ನನ್ನ ರೆಕಾರ್ಡ್ ಬುಕ್ಕುಗಳೇ ಕಣ್ಣ ಮುಂದೆ ಬಂದವು. ಕನ್ನಡ ಮೀಡಿಯಂನಲ್ಲಿ ಓದಿದ ನಾನು ಥೀಸಿಸ್ಸಿನ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಲು ಶುರು ಮಾಡಿದ್ದು ಆಮೇಲೆ. ಅರ್ಥವಾಗದೇ ಇದ್ದದ್ದು ಕನ್ನಡದಲ್ಲಿ ಬರೆಯುವಾಗ ತಕ್ಷಣ ಗೊತ್ತಾಗುತ್ತದೆ, ಸಾಲು ಮುಂದಕ್ಕೆ ಹೋಗುವುದೇ ಇಲ್ಲ.

ನಮ್ಮ ಕಡೆ ಕ್ಲಾಸಿಗೆ 60 ಜನ, ಮೇಷ್ಟ್ರಿಗೆ ಪುರುಸೊತ್ತಿಲ್ಲ, ಗೊತ್ತು. ಎಲ್ಲ ಪ್ರಯೋಗ ಬೇಡ. ಸೆಮಿಸ್ಟರಿಗೆ ಒಂದೇ ಒಂದನ್ನು ಎರಡು ಸಲ ಬರೆಸಿ. ರೀಡಿಂಗ್ ಹೇಗೆ ಬಂತೋ ಹಾಗೇ ಇರಲಿ, ಮೊದಲ ಸಲ ಕನ್ನಡದಲ್ಲಾದರೂ ಸರಿ. ಮಣ್ಣು, ಬೆಳೆಯ ವಿಷಯವಾದರೆ ನನಗೆ ಕಳಿಸಿ. ವಾರಕ್ಕೆ ನಾಲ್ಕೈದು ಕರಡು ಖಂಡಿತ ಓದಿ, ಪಕ್ಕದಲ್ಲಿ ಬರೆದು ಕಳಿಸುತ್ತೇನೆ.