ಮಾರಿದರೆ ಎಷ್ಟು ಬರುತ್ತದೆ?

ಏನೂ ಬರುವುದಿಲ್ಲ. ಉತ್ತರ ಇಷ್ಟೇ. ಆದರೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದವರೆಲ್ಲ ಚಪ್ಪಲಿ ಬಿಚ್ಚುವ ಮೊದಲೇ "ಯುದ್ಧದ ಕಾಯಿನ್ ಕೂಡಿಹಾಕಿದ್ದೀರಂತೆ, ಮಾರಿದ್ರೆ ಎಷ್ಟು ಬರ್ತದೆ?" ಅನ್ನುತ್ತಾರೆ. ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

1965ರ ಯುದ್ಧಕ್ಕೆ ಐವತ್ತು ತುಂಬಿದಾಗ, 2015ರಲ್ಲಿ, ಸರ್ಕಾರ ಐದು ರೂಪಾಯಿಯ ನಾಣ್ಯ ಹೊರಡಿಸಿತು. ಮೇಲೆ ಅಮರ್ ಜವಾನ್ ಸ್ಮಾರಕ. ನನ್ನದು ಹೋಟೆಲಿನ ಗಲ್ಲಾದಲ್ಲಿ ಚಿಲ್ಲರೆಯಾಗಿ ಸಿಕ್ಕಿದ್ದು. ಅದರ ಬೆಲೆ ಐದು ರೂಪಾಯಿ. ಹೊಳಪಿದ್ದರೆ ಫುಟ್‌ಪಾತಿನವನು ಹತ್ತಿಪ್ಪತ್ತು ಹೆಚ್ಚು ಹೇಳಿಯಾನು, ಅದೂ ಅವನು ಮಾರುವಾಗ. ನನ್ನಿಂದ ಕೊಳ್ಳುವಾಗ ಅಲ್ಲ. ವಾಟ್ಸಾಪಿನ 'ಐದು ರೂಪಾಯಿಗೆ ಐದು ಲಕ್ಷ' ನನಗೆ ಕಳಿಸಬೇಡಿ. ಹಳೆ ನಾಣ್ಯ ಕೊಳ್ಳುತ್ತೇವೆಂದು ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು 2021ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ.

ಹೋದ ಚೌತಿಗೆ ಭಾವ ಬಂದರು, ಜೇಬಿನಲ್ಲಿ ಚರ್ಚಿಲ್‌ನನ್ನು ಹಾಕಿಕೊಂಡು. ಅಂದರೆ ಚರ್ಚಿಲ್ ಮುಖವಿರುವ ಬ್ರಿಟಿಷ್ ನಾಣ್ಯ. ಚೋರ್ ಬಜಾರಿನಲ್ಲಿ ಅದಕ್ಕೆ ಎರಡು ಸಾವಿರ ತೆತ್ತಿದ್ದರು. "ಬೆಳ್ಳಿ ಮಾರಾಯ, ತೂಕ ನೋಡು. ಮಹಾಯುದ್ಧ ಗೆದ್ದವನದ್ದು. ಎಷ್ಟು ಬರಬಹುದು?"

ಹಬ್ಬದ ದಿನ ಸುಮ್ಮನಿರಬೇಕಿತ್ತು. ಇರಲಿಲ್ಲ. ಬೆಳ್ಳಿಯಲ್ಲ ಭಾವ, ಮುಕ್ಕಾಲು ತಾಮ್ರ, ಕಾಲು ನಿಕಲ್ ಅಂದೆ. 1965ರಲ್ಲಿ ಚರ್ಚಿಲ್ ತೀರಿಕೊಂಡಾಗ ಬ್ರಿಟನ್ ಇದನ್ನು ಒಂದು ಕೋಟಿ ತೊಂಬತ್ತು ಲಕ್ಷಕ್ಕೂ ಮೇಲೆ ಅಚ್ಚು ಹಾಕಿತು. ಅಲ್ಲಿನ ಅಜ್ಜಿಯರ ಡ್ರಾಯರುಗಳಲ್ಲಿ ಇನ್ನೂ ಬಿದ್ದಿವೆ ಅಂದೆ. ಭಾವ ಮಾತಿಲ್ಲದೆ ಕಡುಬು ತಿಂದರು. ಅಕ್ಕ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ.

ನನ್ನ ನಾಣ್ಯದ ಡಬ್ಬಿಯಲ್ಲಿ ಅಜ್ಜಿಯ ತೂತು ಕಾಸೂ ಇದೆ, 1943ರದ್ದು. ನಡುವೆ ತೂತು ಯಾಕೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಕಾಫಿ ಕೊಟ್ಟು ಕೂರಿಸಿ ಹೇಳುತ್ತಿದ್ದೆ: ಎರಡನೇ ಮಹಾಯುದ್ಧಕ್ಕೆ ತಾಮ್ರ ಬೇಕಿತ್ತು, ಅದಕ್ಕೇ ಕಾಸಿನ ಹೊಟ್ಟೆ ಕೊರೆದರು. ಮೊದಲು ಐದು ಗ್ರಾಂ ಹತ್ತಿರವಿದ್ದ ಕಾಸು ಎರಡು ಗ್ರಾಮಿಗೆ ಇಳಿಯಿತು. ಇಲ್ಲೇ ಮುಂಬೈಯ ಫೋರ್ಟಿನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿನ ಟಂಕಸಾಲೆಯಲ್ಲೂ ಅಚ್ಚಾಯಿತು. ಸ್ಮರಣೆಗೆಂದು ಮಾಡಿದ್ದಲ್ಲ, ಉಪ್ಪು, ಬೆಂಕಿಪೆಟ್ಟಿಗೆ ಕೊಳ್ಳಲು ಮಾಡಿದ್ದು. ಆಗ ಬ್ರಿಟನ್ನಿನ ಪ್ರಧಾನಿ ಇದೇ ಚರ್ಚಿಲ್. ಬಂಗಾಳದಲ್ಲಿ ಜನ ಹಸಿವಿನಿಂದ ಸತ್ತ ವರ್ಷವೂ ಅದೇ.

ಊಟವಾದ ಮೇಲೆ ಎರಡನ್ನೂ ಅಡುಗೆಮನೆಯ ತಕ್ಕಡಿಗಿಟ್ಟೆ. ಚರ್ಚಿಲ್ ಇಪ್ಪತ್ತೆಂಟು ಗ್ರಾಂ, ಕಾಸು ಎರಡು. ಹದಿನಾಲ್ಕು ತೂತು ಕಾಸು ಸೇರಿದರೆ ಒಬ್ಬ ಚರ್ಚಿಲ್.

ಭಾವ ತೂತಿಗೆ ಕಿರುಬೆರಳ ತುದಿ ತೂರಿಸಿ ಸ್ವಲ್ಪ ಹೊತ್ತು ಕೂತರು. "ನಮ್ಮ ಹಳೇ ಮನೆ ಬಾಗಿಲ ಬೋಲ್ಟಿಗೆ ಇದನ್ನೇ ವಾಶರ್ ಮಾಡಿ ಹಾಕಿದ್ರು ಮಾರಾಯ. ಮನೆ ಕೆಡವಿದಾಗ ಬಾಗಿಲ ಜೊತೆ ಹೋಯ್ತು."

ಅವರ ಚರ್ಚಿಲ್ ಇನ್ನೂ ನಮ್ಮ ತಕ್ಕಡಿಯ ಪಕ್ಕದಲ್ಲೇ ಇದೆ. ಮರೆತು ಹೋದರೋ, ಬಿಟ್ಟು ಹೋದರೋ. ಅದನ್ನೂ ಕೇಳಬೇಡಿ.