ಕಾಯೂದು ಯಾರು?

ಈ ವಾರ ಆಯಿ ಕೇಳಿದ ಪ್ರಶ್ನೆಯೊಂದು ತಲೆಯಿಂದ ಇಳಿಯುತ್ತಲೇ ಇಲ್ಲ.

ತಂಗಿಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಸಣ್ಣವಳಿದ್ದಾಗಿಂದ ಕುದುರೆ ಹುಚ್ಚು. ಈಗ ಒಂದು ಹೆಣ್ಣು ಕುದುರೆ ತಗೊಂಡು, ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟು ಬೇರೆಯವರ ಲಾಯದಲ್ಲಿ ಬಿಟ್ಟಿದ್ದಾಳೆ. ಅಂಥ ಜಾಗಕ್ಕೆ ಅಲ್ಲಿ ಲಿವರಿ ಯಾರ್ಡ್ ಅಂತಾರೆ. ಭಾನುವಾರ ವಿಡಿಯೊ ಕಾಲ್ ಮಾಡಿ ಅಜ್ಜಿಗೆ ಕುದುರೆ ತೋರಿಸಿದಳು. ಕಣ್ಣು ಹಾಯುವಷ್ಟು ಹಸಿರು ಬಯಲು. ಅದರ ತುಂಬ ಬಿಳಿ ಪಟ್ಟಿಯ ಕರೆಂಟ್ ಬೇಲಿ, ಒಂದೊಂದು ಚೌಕಕ್ಕೆ ಒಂದೊಂದು ಕುದುರೆ. ಇವಳದ್ದು ಬೇಲಿಗುಂಟ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇತ್ತು. ನಡೆದ ಜಾಡಿನಲ್ಲಿ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು.

ಆಯಿ ಫೋನನ್ನು ಮುಖದ ಹತ್ತಿರ ತಂದು ತುಂಬ ಹೊತ್ತು ನೋಡಿದಳು. ಆಮೇಲೆ, "ಕೂಸೇ, ಅದು ಒಂದೇ ಇದ್ದು. ಮಲಗೂದು ಹ್ಯಾಂಗೆ? ಕಾಯೂದು ಯಾರು?" ಅಂದಳು.

ಹುಡುಗಿ ನಕ್ಕಳು. "ಅಜ್ಜಿ, ಇಲ್ಲಿ ಹುಲಿ ಇಲ್ಲೆ."

"ಹುಲಿ ಇಲ್ಲೆ ಹೇಳಿ ಅದಕ್ಕೆ ಹೇಳಿದ್ದು ಯಾರು?"

ಆಯಿ ಜೀವಮಾನದಲ್ಲಿ ಕುದುರೆ ಸಾಕಿದವಳಲ್ಲ. ಸಾಕಿದ್ದು ಮಲೆನಾಡು ಗಿಡ್ಡ ದನಗಳನ್ನು. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ಟರೆ ಗಂಟೆ ಸದ್ದು ಮಾಡುತ್ತ ಸೊಪ್ಪಿನ ಬೆಟ್ಟ ಹತ್ತಿ, ಸಂಜೆ ತಾವಾಗಿಯೇ ಬರುವ ದನಗಳು. ಮಧ್ಯಾಹ್ನ ನೆರಳಿನಲ್ಲಿ ಎಲ್ಲ ಮಲಗಿ ಮೆಲುಕು ಹಾಕುವಾಗ ಒಂದಾದರೂ ನಿಂತೇ ಇರುತ್ತಿತ್ತಂತೆ. ಆಯಿ ಕಂಡದ್ದು ಅದನ್ನು.

ಅವಳ ಪ್ರಶ್ನೆ ಕುದುರೆಯ ಮಟ್ಟಿಗೆ ಅಕ್ಷರಶಃ ಸರಿ. ಕುದುರೆ ನಿಂತೇ ತೂಕಡಿಸಬಲ್ಲದು, ಕಾಲಿನ ಕೀಲು ಬೀಗ ಹಾಕಿಕೊಳ್ಳುವಂಥ ರಚನೆ ಅದಕ್ಕಿದೆ. ಆದರೆ ಕನಸು ಬೀಳುವ ಆಳದ ನಿದ್ದೆಗೆ ನೆಲಕ್ಕೆ ಮೈ ಚೆಲ್ಲಲೇಬೇಕು. ದಿನಕ್ಕೆ ಬೇಕಾದ್ದು ಅರ್ಧ ಗಂಟೆಯ ಆಸುಪಾಸು. ಆ ಅರ್ಧ ಗಂಟೆ ಮಲಗಲು ಧೈರ್ಯ ಬೇಕು. ಗುಂಪಿನಲ್ಲಿ ಒಂದು ನಿಂತು ಕಾಯುತ್ತದೆ, ಉಳಿದವು ಮಲಗುತ್ತವೆ. ದಿನಗಟ್ಟಲೆ ಮಲಗದ ಕುದುರೆ ನಿಂತಲ್ಲೇ ನಿದ್ದೆಗೆ ಜಾರಿ ಮುಂಗಾಲು ಮಡಚಿ ಕುಸಿಯುತ್ತದೆ, ಗೊರಸಿನ ಮೇಲಿನ ಗಂಟಿನ ಮುಂಭಾಗ ತರಚುತ್ತದೆ. ಇವಳ ಕುದುರೆಗೆ ಅಲ್ಲೇ ಗಾಯವಿತ್ತು. ಎಡವಿದ್ದಿರಬೇಕು ಎಂದು ಮುಲಾಮು ಹಚ್ಚುತ್ತಿದ್ದಳು. ಅಜ್ಜಿಯ ಮಾತು ಕೇಳಿದ ಮೇಲೆ ವೈದ್ಯರನ್ನು ಕರೆಸಿದಳು. ಕೀಲು ನೋವಿದ್ದರೂ ಕುದುರೆ ಮಲಗುವುದಿಲ್ಲವಾದ್ದರಿಂದ ಮೊದಲು ಕಾಲು ಪರೀಕ್ಷೆ ಆಯಿತು. ಕಾಲಿನಲ್ಲಿ ಏನೂ ಇರಲಿಲ್ಲ. ಜೊತೆ ಕೊಟ್ಟು ನೋಡಿ ಅಂದರಂತೆ.

ಲಾಯದ ಯಜಮಾನನ ಕಡೆಗೂ ಕಾರಣಗಳಿವೆ. ಹಿಂಗಾಲಿಗೆ ಲಾಳ ಹೊಡೆದ ಕುದುರೆ ಒದ್ದರೆ ಇನ್ನೊಂದರ ಕಾಲು ಮುರಿಯಬಹುದು. ಕುದುರೆಗಳು ಒಬ್ಬೊಬ್ಬ ಒಡೆಯರವು. ಪೆಟ್ಟಾದರೆ ಜಗಳ, ವಿಮೆ, ವಕೀಲರು. ಎಳೆ ಹುಲ್ಲು ಹೆಚ್ಚಾದರೆ ಕೆಲವಕ್ಕೆ ಗೊರಸಿನ ಒಳಗೆ ಉರಿಯೂತವಾಗುತ್ತದೆ, ಹಾಗಾಗಿ ಮೇವು ಅಳೆದು ಕೊಡಬೇಕು. ತಿಂಗಳಿಗೊಂದು ಕುದುರೆ ಬಂದು ಇನ್ನೊಂದು ಹೋಗುವ ಜಾಗದಲ್ಲಿ ಗುಂಪು ನೆಲೆ ನಿಲ್ಲುವುದೂ ಕಷ್ಟ. ಎಲ್ಲ ಒಪ್ಪುತ್ತೇನೆ. ಆದರೂ ನನಗೆ ಆ ಮನುಷ್ಯನ ಲೆಕ್ಕಾಚಾರ ಹಿಡಿಸಲಿಲ್ಲ. ಒದೆತದ ಗಾಯ ಕಣ್ಣಿಗೆ ಕಾಣುತ್ತದೆ, ಬಿಲ್ ಬರುತ್ತದೆ. ನಿದ್ದೆಗೆಟ್ಟ ರಾತ್ರಿಗೆ ಬಿಲ್ ಇಲ್ಲ. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿ ರಕ್ಷಣಾ ನಿಯಮದಲ್ಲಿ ಕುದುರೆಗೆ ಇನ್ನೊಂದು ಕುದುರೆ ಕಾಣಬೇಕು, ಅದರ ಸದ್ದು ಕೇಳಬೇಕು, ವಾಸನೆ ಸಿಗಬೇಕು ಎಂದಿದೆ. ಬೇಲಿಯಾಚೆ ಕಂಡರೆ ಅಷ್ಟಕ್ಕೆ ಸಾಕಾಯಿತು. ಆದರೆ ಕುತ್ತಿಗೆಯ ಬುಡವನ್ನು ಪರಸ್ಪರ ಹಲ್ಲಿನಲ್ಲಿ ಕೆರೆದುಕೊಳ್ಳುವುದು ಕರೆಂಟ್ ಬೇಲಿಯ ಮೇಲಿಂದ ಆಗುವುದಿಲ್ಲ. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಎಂದು 1993ರಲ್ಲೇ ಅಳೆದು ಬರೆದಿದ್ದಾರೆ.

ನಮ್ಮ ಕಡೆಯೂ ಇದೇ ನಡೆದಿದೆ. ಭಾವ ಗಿಡ್ಡ ದನಗಳನ್ನೆಲ್ಲ ಕೊಟ್ಟು ಒಂದು ಜರ್ಸಿ ಇಟ್ಟುಕೊಂಡಿದ್ದಾನೆ. ಫ್ಯಾನು, ರಬ್ಬರ್ ಮ್ಯಾಟು, ಹೊತ್ತು ಹೊತ್ತಿಗೆ ಹಿಂಡಿ. ಭಾವ ಕಟುಕನಲ್ಲ, ದನದ ಕಾಲಿಗೆ ಮುಳ್ಳು ಹೊಕ್ಕರೆ ತಾನು ಊಟ ಬಿಡುವವನು. ಬೆಟ್ಟಕ್ಕೆ ಹೊಡೆಯಲು ಆಳಿಲ್ಲ, ಡೇರಿಗೆ ಹಾಲು ಬೇಕು. ಮೇಲಿಂದ ಮಂಗನ ಕಾಯಿಲೆ. ಕಾಡಿಗೆ ಹೋದ ದನದ ಮೈಮೇಲೆ ಉಣುಗು ಮನೆಗೆ ಬರುತ್ತದೆ ಎಂಬ ಹೆದರಿಕೆಯನ್ನು ಸಿದ್ದಾಪುರದ ಕಡೆಯ ಸಾವುಗಳನ್ನು ಕಂಡ ಯಾರೂ ತಳ್ಳಿಹಾಕಲಾರರು. ಆ ಜರ್ಸಿ ರಾತ್ರಿ ಕೂಗುತ್ತದೆ. ಬೆದೆಗೆ ಬಂದದ್ದೂ ಅಲ್ಲ, ಹಸಿವೂ ಅಲ್ಲ. ಅತ್ತಿಗೆ ಎದ್ದು ಹೋಗಿ ಕೊಟ್ಟಿಗೆಯ ಲೈಟು ಹಾಕಿ ಹತ್ತಿರ ನಿಂತರೆ ಸುಮ್ಮನಾಗುತ್ತದೆ. "ಅತ್ತಿಗೆ ಎಷ್ಟು ದಿನ ನಿಲ್ಲೂದು?" ಎಂದು ಆಯಿ ಕೇಳಿದ್ದಕ್ಕೆ ಭಾವ ಉತ್ತರ ಕೊಡಲಿಲ್ಲ.

ಸಿರ್ಸಿಯಿಂದ ಯಾವ ಹಳ್ಳಿಗೆ ಹೋದರೂ ಒಬ್ಬರೇ ಇರುವ ದೊಡ್ಡ ಮನೆಗಳು ಸಿಗುತ್ತವೆ. ನಮ್ಮ ಮೇಲಿನ ಮನೆಯ ದೊಡ್ಡಮ್ಮನಿಗೆ ಮಕ್ಕಳು ಜಗಲಿಗೆ, ಅಂಗಳಕ್ಕೆ ಕ್ಯಾಮರಾ ಹಾಕಿಸಿಕೊಟ್ಟಿದ್ದಾರೆ. ಬೆಂಗಳೂರಿನಿಂದ ಗಂಟೆಗೊಮ್ಮೆ ನೋಡುತ್ತಾರೆ. ಪ್ರೀತಿಯಿಂದಲೇ ಹಾಕಿಸಿದ್ದು, ಅನುಮಾನವಿಲ್ಲ. ದೊಡ್ಡಮ್ಮ ಮಾತ್ರ ರಾತ್ರಿ ಮೂರು ಗಂಟೆಯವರೆಗೆ ಎದ್ದಿರುತ್ತಾಳೆ. ನಮ್ಮಲ್ಲಿಗೆ ಬಂದ ದಿನ ಆಯಿಯ ಪಕ್ಕ ಚಾಪೆ ಹಾಸಿಕೊಂಡು ಎಂಟಕ್ಕೇ ಗೊರಕೆ. ಅವಳಿಗೆ ಬೇಕಾದ್ದು ಅವಳನ್ನು ನೋಡುವ ಕಣ್ಣಲ್ಲ, ಅವಳ ಪಾಲಿನ ಎಚ್ಚರವನ್ನು ಒಂದು ರಾತ್ರಿಯ ಮಟ್ಟಿಗೆ ತಾನು ಹೊರುವ ಇನ್ನೊಂದು ಜೀವ. "ಅವಳಿಗೆ ಯಾವ ಕೊರತೆಯೂ ಇಲ್ಲ" ಎಂದು ಊರವರು ಹೇಳುವಾಗ ನನಗೆ ಆ ಸವೆದ ಜಾಡು ನೆನಪಾಗಿ ಸಿಟ್ಟು ಬರುತ್ತದೆ. ಮೇವು, ನೀರು, ಸೂರು, ಔಷಧಿ ಎಣಿಸಿ ಮುಗಿಸಿದ ಮೇಲೆ ಜೊತೆಯನ್ನು ಎಣಿಸುತ್ತೇವೆ, ಅದೂ ಉಳಿದರೆ.

ಲಾಯದಲ್ಲಿ ಒಂದು ಮುದಿ ಗಂಡು ಕುದುರೆಯಿದೆಯಂತೆ, ಸಾಧು. ಅದರ ಒಡತಿ ಒಪ್ಪಿದ್ದಾಳೆ. ಎರಡರದ್ದೂ ಹಿಂಗಾಲಿನ ಲಾಳ ತೆಗೆಸಿ, ಕೆಲವು ದಿನ ಅಕ್ಕಪಕ್ಕದ ಚೌಕದಲ್ಲಿಟ್ಟು, ನಂತರ ನಡುವಿನ ಬೇಲಿ ಬಿಚ್ಚುವುದು ಎಂದಾಗಿದೆ. ಹುಲ್ಲಿಗಾಗಿ ಕಚ್ಚಾಡಬಾರದೆಂದು ಎರಡು ಕುದುರೆಗೆ ಮೂರು ಕಡೆ ಹುಲ್ಲು ಹಾಕುತ್ತಾರೆ. ಯಜಮಾನ ಏನಾದರೂ ಆದರೆ ತಾನು ಹೊಣೆಯಲ್ಲ ಎಂದು ಸಹಿ ಹಾಕಿಸಿಕೊಂಡಿದ್ದಾನೆ. ಭಾವನ ಜರ್ಸಿಗೆ ಒಂದು ಗಿಡ್ಡ ಕಡಸು ಹುಡುಕುತ್ತಿದ್ದೇನೆ. ಹುಲೇಕಲ್ ಕಡೆ ಒಬ್ಬರಲ್ಲಿ ಇದೆ ಎಂದು ಗೊತ್ತಾಗಿದೆ, ನಾಡಿದ್ದು ಹೋಗಬೇಕು.